ಸ್ಪ್ಯಾನಿಷ್ ಡಿಗ್ರಿ ಮತ್ತು ಆಮೇಲಿನ ಕೆಲಸ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ, ಪಿಯುಸಿ ಮುಗಿಸಿದ ಹುಡುಗಿಯೋ ಹುಡುಗನೋ ಮನೆಯಲ್ಲಿ "ನಾನು ಸ್ಪ್ಯಾನಿಷ್ ಓದ್ತೇನೆ" ಎಂದರೆ ಮೊದಲು ಬರುವ ಪ್ರಶ್ನೆ "ಅದನ್ನ ಕಲ್ತು ಎಂತ ಮಾಡ್ತೆ?" ಎಂಬುದು. ಕೇಳಲೇಬೇಕಾದ ಪ್ರಶ್ನೆ ಅದು. ಮೂರು ವರ್ಷದ ಓದು, ಹಾಸ್ಟೆಲ್ ಖರ್ಚು, ಊರಿಂದ ಸಾವಿರಾರು ಕಿಲೋಮೀಟರ್ ದೂರ ಇರುವುದು, ಇಷ್ಟೆಲ್ಲ ಇರುವಾಗ ಅಪ್ಪ-ಅಮ್ಮನಿಗೆ ಖಚಿತ ಉತ್ತರ ಸಿಗಬೇಕು. ಉತ್ತರ ಇದೆ. ಆದರೆ ಜಾಹೀರಾತುಗಳಲ್ಲಿ ಬರುವಷ್ಟು ಸುಲಭದ್ದಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಸ್ಪ್ಯಾನಿಷ್ ಗೊತ್ತಿದ್ದವರಿಗಿಂತ ಸ್ಪ್ಯಾನಿಷ್ ಜೊತೆ ಇನ್ನೊಂದು ಕಸುಬು ಗೊತ್ತಿದ್ದವರಿಗೆ ಕೆಲಸ ಬೇಗ ಸಿಗುತ್ತದೆ, ಸಿಕ್ಕ ಕೆಲಸ ಬಾಳಿಕೆ ಬರುತ್ತದೆ. ಆ ಇನ್ನೊಂದು ಕಸುಬು ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಮನೆ, ತೋಟ, ಬಂದರು, ಪೇಟೆಗಳಲ್ಲಿ ಆಗಲೇ ಅರ್ಧ ಗೊತ್ತಿರುತ್ತದೆ. ಮುಂದೆ ಹೇಳುವುದೆಲ್ಲ ಈ ಲೆಕ್ಕದಲ್ಲೇ.

ಮೊದಲ ಹೆಜ್ಜೆ: ಈ ಭಾಷೆ ಎಲ್ಲೆಲ್ಲಿದೆ ಎಂದು ನಕ್ಷೆ ಹಿಡಿದು ನೋಡಿ

ಸ್ಪ್ಯಾನಿಷ್ ಎಂದರೆ ಸ್ಪೇನ್ ಅಷ್ಟೇ ಎಂದುಕೊಂಡವರು ಬಹಳ. ಸ್ಪೇನಿನ ಜನಸಂಖ್ಯೆ 5 ಕೋಟಿಯೊಳಗೆ. ಮೆಕ್ಸಿಕೊ ಒಂದರಲ್ಲೇ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಜನ ಇದ್ದಾರೆ. ಒಟ್ಟು 20 ದೇಶಗಳ ಅಧಿಕೃತ ಭಾಷೆ ಇದು. ಬ್ರೆಜಿಲ್ ಮತ್ತು ಅದರ ಕೆಲವು ಸಣ್ಣ ನೆರೆದೇಶಗಳನ್ನು ಬಿಟ್ಟರೆ ದಕ್ಷಿಣ ಅಮೆರಿಕ ಪೂರ್ತಿ, ಮಧ್ಯ ಅಮೆರಿಕದ ಹೆಚ್ಚಿನ ಭಾಗ, ಆಫ್ರಿಕದಲ್ಲಿ ಈಕ್ವಟೋರಿಯಲ್ ಗಿನಿ ಕೂಡ ಈ ಪಟ್ಟಿಯಲ್ಲಿವೆ. ಮಾತೃಭಾಷೆಯಾಗಿ ಆಡುವವರು ಸುಮಾರು 50 ಕೋಟಿ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಇದೂ ಒಂದು.

ಈಗ ನಮ್ಮ ಕಡೆಯಿಂದ ನೋಡಿ. ಏಲಕ್ಕಿ ರಫ್ತಿನಲ್ಲಿ ಜಗತ್ತಿನಲ್ಲೇ ಮುಂದಿರುವ ದೇಶ ಗ್ವಾಟೆಮಾಲ. ಅಲ್ಲಿಗೆ ಈ ಬೆಳೆ ಹೋದದ್ದು ಕಳೆದ ಶತಮಾನದ ಆರಂಭದಲ್ಲಷ್ಟೇ, ಆದರೂ ಅಲ್ಲಿ ಫಸಲು ಚೆನ್ನಾಗಿ ಬಂದ ವರ್ಷ ಇಲ್ಲಿನ ಏಲಕ್ಕಿ ದರದ ಮೇಲೆ ಒತ್ತಡ ಬೀಳುತ್ತದೆ. ಸಿಗಡಿ ರಫ್ತಿನಲ್ಲಿ ಭಾರತದ ದೊಡ್ಡ ಎದುರಾಳಿ ಈಕ್ವೆಡಾರ್. ಮೀನಿನ ಪುಡಿ ಉತ್ಪಾದನೆಯಲ್ಲಿ ಪೆರು ಮುಂಚೂಣಿಯಲ್ಲಿದೆ. ಭಾರತಕ್ಕೆ ಬರುವ ಸೋಯಾ ಎಣ್ಣೆಯಲ್ಲಿ ದೊಡ್ಡ ಪಾಲು ಅರ್ಜೆಂಟೀನಾದ್ದು. ಅಲ್ಲಿನ ಕಾತಾಮಾರ್ಕಾ ಪ್ರಾಂತ್ಯದಲ್ಲಿ ಲಿಥಿಯಂ ಹುಡುಕಲು ನಮ್ಮ ಸರ್ಕಾರಿ ಸಂಸ್ಥೆ ಕಾಬಿಲ್ 2024ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿದೆ. ಭಾರತದಲ್ಲಿ ತಯಾರಾದ ಕಾರು, ಬೈಕುಗಳು ಮೆಕ್ಸಿಕೊ, ಕೊಲಂಬಿಯಾಗಳ ರಸ್ತೆಯಲ್ಲಿ ಓಡುತ್ತವೆ. ಇಷ್ಟು ವ್ಯವಹಾರ ಇರುವ ಕಡೆ ಎರಡೂ ಬದಿಯ ಕಾಗದಪತ್ರ ಓದಬಲ್ಲವರು ಬೇಕೇ ಬೇಕು.

ಮನೆಯವರೊಂದಿಗೆ ಮಾತಾಡುವಾಗ ಇಲ್ಲಿಂದಲೇ ಶುರು ಮಾಡಿ. ಏಲಕ್ಕಿ, ಸಿಗಡಿಯ ದರದ ಏರಿಳಿತ ಗೊತ್ತಿರುವ ಹಿರಿಯರಿಗೆ ಗ್ವಾಟೆಮಾಲ, ಈಕ್ವೆಡಾರ್‌ಗಳ ವಿಷಯ ಥಟ್ಟನೆ ಅರ್ಥವಾಗುತ್ತದೆ.

ಎರಡನೇ ಹೆಜ್ಜೆ: ಡಿಗ್ರಿಗೆ ಸೇರುವ ಮೊದಲು ಮೂರು ತಿಂಗಳು ಕಲಿತು ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಫುಟ್‌ಬಾಲ್ ನೋಡಿ ಅಥವಾ ಧಾರಾವಾಹಿ ನೋಡಿ ಆಸೆ ಹುಟ್ಟುವುದು ಬೇರೆ, ದಿನಕ್ಕೊಂದು ಗಂಟೆ ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡುವ ತಾಳ್ಮೆ ಬೇರೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸಿಗುವ ರಜೆ ಇದಕ್ಕೆ ಸರಿಯಾದ ಸಮಯ. ಪ್ರಥಮ ಪಿಯುಸಿಯ ಬೇಸಿಗೆ ರಜೆಯಲ್ಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿರುತ್ತದೆ.

ಕನ್ನಡದವರಿಗೆ ಈ ಭಾಷೆಯ ಉಚ್ಚಾರ ಬಹಳ ಹತ್ತಿರ. ಸ್ವರಗಳು ಐದೇ: ಅ, ಎ, ಇ, ಒ, ಉ. ಬರೆದಂತೆ ಓದುವುದು. ತ, ದ ಅಕ್ಷರಗಳು ನಮ್ಮ ತ, ದಗಳಂತೆಯೇ ನಾಲಿಗೆ ಹಲ್ಲಿಗೆ ತಾಗಿ ಬರುತ್ತವೆ. ಇಂಗ್ಲಿಷಿನವರ ಹಾಗೆ ಉಸಿರು ಊದಿ "ಟ" ಎನ್ನುವ ಅಭ್ಯಾಸ ನಮಗಿಲ್ಲ. ಮೂಗಿನಲ್ಲಿ ಬರುವ ಞ ಕೂಡ ಅಲ್ಲಿದೆ. ಕಷ್ಟ ಕೊಡುವುದು ಗಂಟಲಿನಿಂದ ಕೆರೆದು ಬರುವ ಹಕಾರ ಮತ್ತು ನಾಲಿಗೆ ಅದುರಿಸಿ ಹೇಳಬೇಕಾದ ಜೋಡಿ ರಕಾರ. h ಅಕ್ಷರ ಬರೆದಿದ್ದರೆ ಅದನ್ನು ಉಚ್ಚರಿಸುವುದೇ ಇಲ್ಲ ಎಂಬುದನ್ನು ಮಾತ್ರ ಮೊದಲ ದಿನವೇ ನೆನಪಿಟ್ಟುಕೊಳ್ಳಿ.

ವ್ಯಾಕರಣದಲ್ಲಿ ಇನ್ನೂ ದೊಡ್ಡ ಅನುಕೂಲ ಇದೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. "ಮೆ ಗುಸ್ತಾ ಎಲ್ ಕಫೇ" ಎಂಬ ವಾಕ್ಯ ನೋಡಿ. "ನನಗೆ ಕಾಫಿ ಇಷ್ಟ" ಎಂದರ್ಥ. ಇಲ್ಲಿ ಕರ್ತೃ ಕಾಫಿ, "ಮೆ" ಎಂದರೆ "ನನಗೆ". ಇಂಗ್ಲಿಷಿನಿಂದ ಸ್ಪ್ಯಾನಿಷ್ ಕಲಿಯುವವರು ಈ ರಚನೆಯಲ್ಲಿ ವಾರಗಟ್ಟಲೆ ತಡವರಿಸುತ್ತಾರೆ, ಏಕೆಂದರೆ ಇಂಗ್ಲಿಷಿನಲ್ಲಿ ಇಷ್ಟಪಡುವವರೇ ಕರ್ತೃ. ನಮಗೆ "ನನಗೆ ಇಷ್ಟ" ಎನ್ನುವುದು ಹುಟ್ಟಿನಿಂದ ಬಂದದ್ದು. "ಮೆ ದುವೆಲೆ ಲಾ ಕಬೇಸಾ", ನನಗೆ ತಲೆ ನೋಯುತ್ತದೆ. ಇದೂ ಅದೇ ಅಚ್ಚು. ಹಾಗೆಂದು ಎಲ್ಲ ಕಡೆ ಇದೇ ಲೆಕ್ಕ ಹಿಡಿಯಬೇಡಿ: ಹಸಿವಾದರೆ "ತೆಂಗೊ ಆಂಬ್ರೆ" ಎನ್ನುತ್ತಾರೆ, ಅಂದರೆ "ನಾನು ಹಸಿವನ್ನು ಹೊಂದಿದ್ದೇನೆ" ಎಂಬ ರೀತಿ.

ಕ್ರಿಯಾಪದದ ಕೊನೆಯಲ್ಲೇ ಯಾರು ಎಂಬುದು ತಿಳಿಯುವುದು ಕೂಡ ನಮ್ಮಂತೆಯೇ. ಆಬ್ಲೊ ಎಂದರೆ ಮಾತಾಡುತ್ತೇನೆ, ಆಬ್ಲಾಸ್ ಎಂದರೆ ಮಾತಾಡುತ್ತೀಯ. "ನಾನು", "ನೀನು" ಎಂದು ಪ್ರತಿ ಸಲ ಹೇಳಬೇಕಿಲ್ಲ. ನೀನು–ನೀವು ಎಂಬ ಭೇದವೂ ಇದೆ: ತೂ, ಉಸ್ತೆದ್. ಕಲಿಸುವವರು ಇಂಗ್ಲಿಷಿನ ಮೂಲಕ ಕಲಿಸುತ್ತಾರೆ ಎಂಬ ಕಾರಣಕ್ಕೆ ನೀವೂ ಇಂಗ್ಲಿಷಿನ ಮೂಲಕವೇ ಯೋಚಿಸಬೇಕಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಪುಟದಲ್ಲಿ ಸ್ಪ್ಯಾನಿಷ್ ವಾಕ್ಯ, ಎದುರು ಪುಟದಲ್ಲಿ ಕನ್ನಡ ವಾಕ್ಯ ಬರೆಯುತ್ತ ಹೋಗಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದರಿಂದ ಹಿಂದೆ ಬೀಳುವುದಿಲ್ಲ, ಎಷ್ಟೋ ಕಡೆ ಮುಂದೆಯೇ ಇರುತ್ತಾರೆ.

ಎಡವುವ ಜಾಗಗಳೂ ಇವೆ. ಕನ್ನಡದಲ್ಲಿ ಮೇಜು, ಪುಸ್ತಕ, ಮನೆ ಎಲ್ಲ "ಅದು". ಸ್ಪ್ಯಾನಿಷಿನಲ್ಲಿ ಪ್ರತಿ ವಸ್ತುವಿಗೂ ಸ್ತ್ರೀಲಿಂಗವೋ ಪುಲ್ಲಿಂಗವೋ ಇರುತ್ತದೆ, ವಿಶೇಷಣವೂ ಅದರ ಜೊತೆ ಬದಲಾಗುತ್ತದೆ. ಮನೆಯಲ್ಲಿ ಕೊಂಕಣಿ ಮಾತಾಡುವ ಕಾರವಾರ, ಅಂಕೋಲಾ, ಕುಮಟಾ ಕಡೆಯ ಮಕ್ಕಳಿಗೆ ವಸ್ತುಗಳಿಗೂ ಲಿಂಗ ಇರುವುದು ಹೊಸದಲ್ಲ, ಅವರು ಇಲ್ಲಿ ಬೇಗ ದಾಟುತ್ತಾರೆ. ಎರಡನೆಯದು "ಇರು" ಎಂಬುದಕ್ಕೆ ಎರಡು ಕ್ರಿಯಾಪದ ಇರುವುದು. "ಎಸ್ ಅಬುರ್ರೀದೊ" ಎಂದರೆ ಆತ ಬೇಸರ ಹುಟ್ಟಿಸುವ ಮನುಷ್ಯ, "ಎಸ್ತಾ ಅಬುರ್ರೀದೊ" ಎಂದರೆ ಆತನಿಗೆ ಈಗ ಬೇಸರವಾಗಿದೆ. ಮೂರನೆಯದು ಆಸೆ, ಅನುಮಾನ, ವಿನಂತಿ ಹೇಳುವಾಗ ಬರುವ ಬೇರೆಯದೇ ಕ್ರಿಯಾರೂಪಗಳು. ಅವು ಎರಡನೇ ವರ್ಷದ ಕೆಲಸ, ಈಗ ತಲೆ ಕೆಡಿಸಿಕೊಳ್ಳಬೇಡಿ.

ಮೂರು ತಿಂಗಳಿಗೆ ಗುರಿ ಇಷ್ಟೇ ಇರಲಿ: ನಿಮ್ಮ ಹೆಸರು, ಊರು, ಮನೆಯವರು, ದಿನಚರಿ ಇವುಗಳ ಬಗ್ಗೆ ನಿಲ್ಲದೆ ಎರಡು ನಿಮಿಷ ಮಾತಾಡುವುದು. ಸಾಮಗ್ರಿ ಉಚಿತವಾಗಿಯೇ ಸಿಗುತ್ತದೆ. ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್‌ಸ್ಟಿತೂತೊ ಸೆರ್ವಾಂತೆಸ್ ನಡೆಸುವ ಸೆಂತ್ರೊ ವಿರ್ತುವಾಲ್ ಸೆರ್ವಾಂತೆಸ್ ತಾಣದಲ್ಲಿ ಹಂತವಾರು ಓದುವ ಪಾಠಗಳಿವೆ. 1713ರಲ್ಲಿ ಶುರುವಾದ ರಿಯಾಲ್ ಅಕಾಡೆಮಿಯಾ ಎಸ್ಪಾನ್ಯೋಲಾದ ನಿಘಂಟು ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಆರಂಭದಲ್ಲಿ ಅದು ಕಷ್ಟ, ಆದರೆ ಡಿಗ್ರಿಯುದ್ದಕ್ಕೂ ಕೈಬಿಡದ ಸಂಗಾತಿ. ಮೊಬೈಲ್ ಆಪ್‌ಗಳು ಶಬ್ದ ಕಲಿಯಲು ಪರವಾಗಿಲ್ಲ, ಅವುಗಳಿಂದ ಮಾತು ಬರುವುದಿಲ್ಲ. ಗಟ್ಟಿಯಾಗಿ ಬಾಯಿಬಿಟ್ಟು ಓದಬೇಕು, ಧ್ವನಿ ಮುದ್ರಿಸಿ ಕೇಳಿಕೊಳ್ಳಬೇಕು.

ಮೂರು ತಿಂಗಳ ನಂತರವೂ ಪುಸ್ತಕ ತೆರೆಯಲು ಮನಸ್ಸಾಗುತ್ತಿದೆಯೇ? ಹಾಗಾದರೆ ಮುಂದೆ ಓದಿ. ಆಗುತ್ತಿಲ್ಲ ಎಂದರೆ ಹವ್ಯಾಸವಾಗಿ ಇಟ್ಟುಕೊಳ್ಳಿ, ಡಿಗ್ರಿ ಬೇರೆಯದು ಮಾಡಿ.

ಮೂರನೇ ಹೆಜ್ಜೆ: ಎಲ್ಲಿ ಓದಬೇಕು

ನಮ್ಮ ಜಿಲ್ಲೆಯ ಸಾಮಾನ್ಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಸ್ಪ್ಯಾನಿಷನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಆನರ್ಸ್ ಓದಬೇಕಾದರೆ ಊರು ಬಿಡಲೇಬೇಕು. ಗಂಭೀರವಾಗಿ ನೋಡಬೇಕಾದವು ಕೇಂದ್ರೀಯ ವಿಶ್ವವಿದ್ಯಾಲಯಗಳು. ಕಾರಣ ಎರಡು: ಶುಲ್ಕ ಕಡಿಮೆ, ಅಧ್ಯಾಪಕರು ಈ ಭಾಷೆಯಲ್ಲೇ ಸಂಶೋಧನೆ ಮಾಡಿದವರು.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಮತ್ತು ಲ್ಯಾಟಿನ್ ಅಮೆರಿಕನ್ ಅಧ್ಯಯನಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ಬಿಎ ಆನರ್ಸ್‌ನಿಂದ ಪಿಎಚ್‌ಡಿವರೆಗೆ ಅಲ್ಲೇ ಮುಂದುವರಿಯಬಹುದು. ಬೋಧನಾ ಶುಲ್ಕ ವರ್ಷಕ್ಕೆ ಕೆಲವೇ ನೂರು ರೂಪಾಯಿ, ನಿಜವಾದ ಖರ್ಚು ಹಾಸ್ಟೆಲ್ ಮೆಸ್ಸಿನದ್ದು. ದೆಹಲಿ ವಿಶ್ವವಿದ್ಯಾಲಯದ ಜರ್ಮನಿಕ್ ಮತ್ತು ರೋಮಾನ್ಸ್ ಅಧ್ಯಯನ ವಿಭಾಗದಲ್ಲಿ ಸ್ಪ್ಯಾನಿಷ್ ಆನರ್ಸ್ ಇದೆ. ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಸ್ಪ್ಯಾನಿಷ್ ಜೊತೆ ಲ್ಯಾಟಿನ್ ಅಮೆರಿಕನ್ ಅಧ್ಯಯನ ಸೇರಿಸಿ ಓದಿಸುತ್ತಾರೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು, ನಮ್ಮವರಿಗೆ ಎಲ್ಲಕ್ಕಿಂತ ಹತ್ತಿರದ ಆಯ್ಕೆ. ಇನ್ನು ಡೆಹ್ರಾಡೂನಿನ ಡೂನ್ ವಿಶ್ವವಿದ್ಯಾಲಯ ರಾಜ್ಯ ಸರ್ಕಾರದ್ದು, ಅಲ್ಲೂ ಸ್ಪ್ಯಾನಿಷ್ ಇದೆ.

ನನ್ನ ಸಲಹೆ ಕೇಳಿದರೆ, ಮೊದಲ ಬಾರಿ ಊರು ಬಿಡುವವರು ಇಫ್ಲು ಮತ್ತು ಜೆಎನ್‌ಯು ಎರಡಕ್ಕೂ ಅರ್ಜಿ ಹಾಕಿ. ಎರಡೂ ಸಿಕ್ಕರೆ ಸಾಹಿತ್ಯ, ಇತಿಹಾಸ, ರಾಜತಾಂತ್ರಿಕ ವಿಷಯಗಳಲ್ಲಿ ಒಲವಿರುವವರಿಗೆ ಜೆಎನ್‌ಯು, ಅನುವಾದ ಮತ್ತು ಬೋಧನೆಯ ಕಡೆ ಮನಸ್ಸಿರುವವರಿಗೆ ಇಫ್ಲು. ದೆಹಲಿಯಲ್ಲಿ ಒಂದು ಹೆಚ್ಚಿನ ಲಾಭ ಇದೆ: ಕನಾಟ್ ಪ್ಲೇಸ್ ಹತ್ತಿರ ಇನ್‌ಸ್ಟಿತೂತೊ ಸೆರ್ವಾಂತೆಸ್ ಇದೆ, ಲ್ಯಾಟಿನ್ ಅಮೆರಿಕದ ದೇಶಗಳ ರಾಯಭಾರ ಕಚೇರಿಗಳಿವೆ, ಸ್ಪ್ಯಾನಿಷ್ ಆಡುವವರನ್ನು ಮುಖಾಮುಖಿ ಭೇಟಿಯಾಗುವ ಅವಕಾಶ ಸಿಗುತ್ತದೆ.

ಈ ಆನರ್ಸ್ ಕೋರ್ಸುಗಳು ಸ್ಪ್ಯಾನಿಷಿನ ಗಂಧಗಾಳಿ ಇಲ್ಲದವರನ್ನೂ ಸೇರಿಸಿಕೊಂಡು ಅ-ಆ-ಇ-ಈಯಿಂದ ಕಲಿಸುವಂಥವು. ಎಂಎಗೆ ಹಾಗಲ್ಲ, ಅಲ್ಲಿ ಭಾಷೆ ಆಗಲೇ ಬರಬೇಕು. ಹಾಗಾಗಿ ಬಿಕಾಂ ಮುಗಿಸಿ ಸ್ಪ್ಯಾನಿಷ್ ಎಂಎ ಮಾಡುತ್ತೇನೆ ಎನ್ನುವವರು ಮಧ್ಯೆ ಡಿಪ್ಲೊಮಾ ಮಟ್ಟದ ಓದು ಮುಗಿಸಿಕೊಂಡಿರಬೇಕು.

ಕಾರವಾರದವರು ಗೋವಾ ವಿಶ್ವವಿದ್ಯಾಲಯದ ಬಗ್ಗೆ ಕೇಳುವುದುಂಟು. ಅಲ್ಲಿನ ಗಟ್ಟಿ ವಿಭಾಗ ಪೋರ್ಚುಗೀಸಿನದ್ದು. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಬಹಳ ಹತ್ತಿರದ ಭಾಷೆಗಳು, ಒಂದು ಬಂದರೆ ಇನ್ನೊಂದನ್ನು ಓದಿ ಅರ್ಥ ಮಾಡಿಕೊಳ್ಳುವುದು ಸುಲಭ. ಮನೆಯಿಂದ ದೂರ ಹೋಗಲಾಗದವರಿಗೆ ಇದೂ ಯೋಗ್ಯ ದಾರಿ, ಪೋರ್ಚುಗೀಸ್ ಆಡುವ ಬ್ರೆಜಿಲ್ ದೊಡ್ಡ ಮಾರುಕಟ್ಟೆ.

ನಾಲ್ಕನೇ ಹೆಜ್ಜೆ: ಅರ್ಜಿ, ಕಾಗದಪತ್ರ, ಹಣ

ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆ ಇದೆ. ಅರ್ಜಿ ವರ್ಷದ ಮೊದಲ ತಿಂಗಳುಗಳಲ್ಲಿ, ಅಂದರೆ ನೀವು ದ್ವಿತೀಯ ಪಿಯುಸಿ ಪರೀಕ್ಷೆಯ ತಯಾರಿಯಲ್ಲಿ ಮುಳುಗಿರುವಾಗಲೇ ಬಂದು ಹೋಗುತ್ತದೆ. ನಮ್ಮ ಕಡೆಯ ಮಕ್ಕಳ ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕುಳಿತರೆ ಆ ವರ್ಷ ಹೋದ ಹಾಗೆ. ಡಿಸೆಂಬರಿನಿಂದಲೇ ವಾರಕ್ಕೊಮ್ಮೆ ತಾಣ ನೋಡುತ್ತಿರಿ. ಸ್ಪ್ಯಾನಿಷ್ ಆನರ್ಸ್‌ಗೆ ಯಾವ ಪತ್ರಿಕೆಗಳನ್ನು ಬರೆಯಬೇಕು ಎಂಬುದನ್ನು ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ರೀತಿಯಲ್ಲಿ ಹೇಳುತ್ತದೆ. ಇಂಗ್ಲಿಷ್ ಪತ್ರಿಕೆಯ ತಯಾರಿಯನ್ನಂತೂ ಬಿಡಬೇಡಿ. ಅರ್ಜಿ ತುಂಬುವ ಮೊದಲು ಆಯಾ ವರ್ಷದ ಪ್ರಕಟಣೆಯನ್ನು ಸಾಲು ಸಾಲಾಗಿ ಓದಿ.

ಕಾಗದಪತ್ರದಲ್ಲಿ ಒಂದು ವಿಷಯ ಬಹಳ ಮುಖ್ಯ. ನಾಡಕಚೇರಿಯಲ್ಲಿ ಮಾಮೂಲಾಗಿ ಕೊಡುವ ಪ್ರವರ್ಗ 1, 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಮೀಸಲಾತಿಗೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆ ಸಮೇತ. ಮೀಸಲಾತಿಗೆ ಬಾರದ ಸಮುದಾಯದ, ಆದಾಯ ಕಡಿಮೆ ಇರುವ ಕುಟುಂಬದವರು ಇಡಬ್ಲ್ಯುಎಸ್ ಪ್ರಮಾಣಪತ್ರ ಮಾಡಿಸಬೇಕು. ಎರಡಕ್ಕೂ ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಹಾಕಿ, ಬೇಗ ಹಾಕಿ. ಪಿಯು ಮಂಡಳಿಯ ವಲಸೆ ಪ್ರಮಾಣಪತ್ರವನ್ನೂ ಫಲಿತಾಂಶ ಬಂದ ಕೂಡಲೇ ತೆಗೆಸಿಟ್ಟುಕೊಳ್ಳಿ.

ಹಣದ ವಿಷಯಕ್ಕೆ ಬಂದರೆ, ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದು ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪದವಿಗೆ ವರ್ಷಕ್ಕೆ 12,000 ರೂಪಾಯಿ. ಮೆಸ್ಸಿನ ಕೆಲವು ತಿಂಗಳ ಬಿಲ್ಲು ಅದರಲ್ಲಿ ಕಳೆಯುತ್ತದೆ. ಪ್ರಯಾಣಕ್ಕೆ ಕಾರವಾರದವರಿಗೆ ಕೊಂಕಣ ರೈಲ್ವೆಯಲ್ಲಿ ದೆಹಲಿಗೆ ನೇರ ರೈಲು ಇದೆ, ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೈದರಾಬಾದಿಗೆ ಹೋಗಲು ಹುಬ್ಬಳ್ಳಿ ಅನುಕೂಲ.

ಐದನೇ ಹೆಜ್ಜೆ: ಮೂರು ವರ್ಷ ಹೇಗೆ ಕಳೆಯಬೇಕು

ಮೊದಲ ವರ್ಷ ಭಾಷೆಯೇ ಭಾಷೆ. ಎರಡನೇ ವರ್ಷದಿಂದ ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ಇತಿಹಾಸ, ಸಾಹಿತ್ಯ, ಅನುವಾದದ ಪತ್ರಿಕೆಗಳು ಬರುತ್ತವೆ. ಸಾಹಿತ್ಯವನ್ನು ಕೆಲಸಕ್ಕೆ ಬಾರದ್ದು ಎಂದು ತಳ್ಳಬೇಡಿ. ಕಾದಂಬರಿ ಓದಿದವರ ಶಬ್ದಭಂಡಾರಕ್ಕೂ ಪಠ್ಯಪುಸ್ತಕ ಮಾತ್ರ ಓದಿದವರದ್ದಕ್ಕೂ ಇರುವ ಅಂತರ ಸಂದರ್ಶನದ ಮೊದಲ ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಭಾಷಾ ಸಾಮರ್ಥ್ಯವನ್ನು ಯುರೋಪಿನ ಮಾನದಂಡದಂತೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮಟ್ಟಗಳಲ್ಲಿ ಅಳೆಯುತ್ತಾರೆ. ಕೆಲಸದ ಮಾತು ಬಂದಾಗ ನಿಮ್ಮ ಗುರಿ ಬಿ2. ಎ2 ಸರ್ಟಿಫಿಕೇಟ್ ಹಿಡಿದು ಕೆಲಸ ಹುಡುಕಲು ಹೊರಟವರು ನಿರಾಶರಾಗುವುದನ್ನು ಕಂಡಿದ್ದೇನೆ. ತಪ್ಪು ಅವರದ್ದಲ್ಲ, ಅಷ್ಟು ಸಾಕು ಎಂದು ನಂಬಿಸಿದವರದ್ದು. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷಿನಲ್ಲಿ ವೃತ್ತಿಮಟ್ಟದ ಹಿಡಿತ ಬರಲು 600ರಿಂದ 750 ತರಗತಿ ಗಂಟೆ ಬೇಕು ಎಂದು ಲೆಕ್ಕ ಹಾಕಿದೆ. ಮೂರು ತಿಂಗಳಲ್ಲಿ ಸ್ಪ್ಯಾನಿಷ್, ಕೆಲಸ ಗ್ಯಾರಂಟಿ ಎನ್ನುವ ಫಲಕ ಕಂಡಾಗ ಈ ಸಂಖ್ಯೆ ನೆನಪಿರಲಿ.

ವಿಶ್ವವಿದ್ಯಾಲಯದ ಅಂಕಪಟ್ಟಿಯ ಜೊತೆಗೆ ಡೆಲೆ ಪ್ರಮಾಣಪತ್ರ ಮಾಡಿಕೊಳ್ಳಿ. ಇದನ್ನು ಸ್ಪೇನ್ ಸರ್ಕಾರದ ಪರವಾಗಿ ಇನ್‌ಸ್ಟಿತೂತೊ ಸೆರ್ವಾಂತೆಸ್ ಕೊಡುತ್ತದೆ, ಒಮ್ಮೆ ಪಾಸಾದರೆ ಅವಧಿ ಮುಗಿಯುವುದಿಲ್ಲ. ಬಿ2 ಪರೀಕ್ಷೆಯಲ್ಲಿ ಓದು-ಬರಹ ಒಂದು ಗುಂಪು, ಕೇಳು-ಮಾತು ಇನ್ನೊಂದು ಗುಂಪು. ಪ್ರತಿ ಗುಂಪಿನಲ್ಲೂ 50ಕ್ಕೆ 30 ಬರಲೇಬೇಕು. ಬರವಣಿಗೆಯ ಬಲದಿಂದ ಮಾತಿನ ದೌರ್ಬಲ್ಯ ಮುಚ್ಚಲು ಆಗುವುದಿಲ್ಲ. ನಮ್ಮ ಮಕ್ಕಳು ಸೋಲುವುದು ಕೇಳು-ಮಾತಿನ ಗುಂಪಿನಲ್ಲೇ ಹೆಚ್ಚು, ಹಾಗಾಗಿ ಮೊದಲ ವರ್ಷದಿಂದಲೇ ದಿನವೂ ಅರ್ಧ ಗಂಟೆ ಸ್ಪ್ಯಾನಿಷ್ ರೇಡಿಯೊ ಅಥವಾ ಸುದ್ದಿ ಕೇಳಿ. ಸ್ಪೇನಿನ ಉಚ್ಚಾರ ಒಂದು ದಿನ, ಮೆಕ್ಸಿಕೊದ್ದು ಇನ್ನೊಂದು ದಿನ, ಅರ್ಜೆಂಟೀನಾದ್ದು ಮತ್ತೊಂದು ದಿನ. ಸಿಯೆಲೆ ಎಂಬ ಕಂಪ್ಯೂಟರ್ ಪರೀಕ್ಷೆಯೂ ಇದೆ, ಅದರ ಫಲಿತಾಂಶಕ್ಕೆ ಐದು ವರ್ಷದ ಮಾನ್ಯತೆ. ತುರ್ತಾಗಿ ಮಟ್ಟ ತೋರಿಸಬೇಕಾದಾಗ ಅದು ಸಾಕು, ಜೀವಮಾನಕ್ಕೆ ಡೆಲೆ ಒಳ್ಳೆಯದು.

ಆರನೇ ಹೆಜ್ಜೆ: ಜೊತೆವಿದ್ಯೆ ಆರಿಸಿಕೊಳ್ಳಿ

ಜೊತೆವಿದ್ಯೆ, ಅಂದರೆ ಮೊದಲೇ ಹೇಳಿದ ಆ ಇನ್ನೊಂದು ಕಸುಬು, ಯಾಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಗ್ವಾಟೆಮಾಲದ ವ್ಯಾಪಾರಿಯೊಬ್ಬ 200 "ಕಿಂತಾಲೆಸ್" ಏಲಕ್ಕಿ ಇದೆ ಎಂದು ಪತ್ರ ಬರೆಯುತ್ತಾನೆ ಎಂದಿಟ್ಟುಕೊಳ್ಳಿ. ಭಾಷೆ ಮಾತ್ರ ಗೊತ್ತಿರುವ ಅನುವಾದಕ "200 ಕ್ವಿಂಟಲ್" ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಶಿರಸಿ ಪೇಟೆಯಲ್ಲಿ ಕ್ವಿಂಟಲ್ ಎಂದರೆ 100 ಕಿಲೋ, ಅಂದರೆ 20 ಟನ್ ಮಾಲು. ಆದರೆ ಗ್ವಾಟೆಮಾಲದಲ್ಲಿ ಕಿಂತಾಲ್ ಎಂದರೆ 100 ಲಿಬ್ರಾ, ಸುಮಾರು 46 ಕಿಲೋ. ಅಲ್ಲಿರುವ ಮಾಲು ಸುಮಾರು 9 ಟನ್ ಮಾತ್ರ. ಅಡಿಕೆ, ಮೆಣಸು, ಏಲಕ್ಕಿ ತೂಗುವುದನ್ನು ನೋಡುತ್ತ ಬೆಳೆದವರಿಗೆ "ಇದು ಯಾವ ಕ್ವಿಂಟಲ್?" ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಂಖ್ಯೆ ಬರೆಯುವುದರಲ್ಲೂ ಇಂಥದ್ದೇ ತೊಡಕು: ಸ್ಪೇನ್, ಅರ್ಜೆಂಟೀನಾಗಳಲ್ಲಿ 1.500 ಎಂದರೆ ಒಂದೂವರೆ ಸಾವಿರ, ಮೆಕ್ಸಿಕೊದಲ್ಲಿ ನಮ್ಮ ಹಾಗೆ 1,500. ಇನ್‌ವಾಯ್ಸ್ ಓದುವವನಿಗೆ ದೇಶ ಯಾವುದು ಎಂಬುದು ಮೊದಲು ಗೊತ್ತಿರಬೇಕು.

ಈಗಿನ ಕಾಲದಲ್ಲಿ ಇದು ಇನ್ನೂ ಮುಖ್ಯ. ಸರಳ ಪತ್ರ, ಸಾಮಾನ್ಯ ಲೇಖನಗಳ ಅನುವಾದವನ್ನು ಯಂತ್ರ ಕ್ಷಣದಲ್ಲಿ ಮಾಡಿ ಕೊಡುತ್ತದೆ. ಪುಟಕ್ಕಿಷ್ಟು ಎಂದು ಬರೀ ಅನುವಾದ ಮಾಡಿ ಬದುಕುವ ಲೆಕ್ಕ ಹಾಕಬೇಡಿ. ಉಳಿದಿರುವುದು ಯಂತ್ರ ಮಾಡಿದ್ದನ್ನು ತಿದ್ದುವ ಕೆಲಸ, ವಿಷಯಜ್ಞಾನ ಬೇಕಾದ ಕೆಲಸ, ಎದುರು ಕುಳಿತು ಮಾತಾಡುವ ಕೆಲಸ.

ಯಾವ ಜೊತೆವಿದ್ಯೆ ಎಲ್ಲಿಗೆ ಒಯ್ಯುತ್ತದೆ ಎಂದು ನೋಡಿ. ಲೆಕ್ಕಪತ್ರ, ಎಕ್ಸೆಲ್, ಟ್ಯಾಲಿ ಬರುವವರಿಗೆ ಬೆಂಗಳೂರು, ಹೈದರಾಬಾದುಗಳಲ್ಲಿ ವಿದೇಶಿ ಕಂಪನಿಗಳ ಸೇವಾ ಕೇಂದ್ರಗಳಿವೆ. ಲ್ಯಾಟಿನ್ ಅಮೆರಿಕದ ಶಾಖೆಗಳ ಬಿಲ್ಲು, ಪಾವತಿ, ಗ್ರಾಹಕರ ದೂರು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ. ಊರಿನಿಂದ ಹೊಸದಾಗಿ ಬಂದವರು ಕಾಲೂರಲು ಇದು ಎಲ್ಲಕ್ಕಿಂತ ಸಲೀಸಾದ ಬಾಗಿಲು, ಆದರೆ ಅಮೆರಿಕ ಖಂಡದ ಸಮಯಕ್ಕೆ ಕೆಲಸವಾದ್ದರಿಂದ ರಾತ್ರಿ ಪಾಳಿ ಇರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ.

ಆಮದು-ರಫ್ತಿನ ಕಾಗದಪತ್ರ ಕಲಿತರೆ ಮಸಾಲೆ, ಸಮುದ್ರೋತ್ಪನ್ನ, ಔಷಧ, ವಾಹನ ಬಿಡಿಭಾಗ ಕಂಪನಿಗಳಿವೆ. ಔಷಧ ಕ್ಷೇತ್ರದಲ್ಲಿ ನೋಂದಣಿ ದಾಖಲೆಗಳನ್ನು ಆಯಾ ದೇಶದ ಭಾಷೆಯಲ್ಲೇ ಸಲ್ಲಿಸಬೇಕಾಗುವುದರಿಂದ ಪಿಯುಸಿಯಲ್ಲಿ ವಿಜ್ಞಾನ ಓದಿ ಸ್ಪ್ಯಾನಿಷಿಗೆ ಬಂದವರಿಗೆ ಒಳ್ಳೆಯ ಜಾಗ ಇದೆ. ವಿಜ್ಞಾನ ಓದಿದ್ದು ವ್ಯರ್ಥವಾಯಿತು ಎಂದು ಕೊರಗಬೇಡಿ.

ಪ್ರವಾಸೋದ್ಯಮದಲ್ಲಿ ಗೋವಾ, ಗೋಕರ್ಣ, ಹಂಪಿ, ಬಾದಾಮಿ ಸುತ್ತುವ ಸ್ಪ್ಯಾನಿಷ್ ಭಾಷಿಕರ ಗುಂಪುಗಳಿಗೆ ಅವರ ಭಾಷೆಯಲ್ಲೇ ವಿವರಿಸಬಲ್ಲ ಪರವಾನಗಿ ಇರುವ ಗೈಡುಗಳು ಬೇಕು. ಯಾಣ, ಬನವಾಸಿ, ಮಿರ್ಜಾನ ಕೋಟೆಯ ಕಥೆ ಗೊತ್ತಿರುವ ಸ್ಥಳೀಯರಿಗೆ ಇದರಲ್ಲಿ ಮೇಲುಗೈ. ಮಳೆಗಾಲದಲ್ಲಿ ಕೆಲಸ ನಿಲ್ಲುವುದರಿಂದ ಇದನ್ನೊಂದೇ ನೆಚ್ಚಿಕೊಳ್ಳಬಾರದು, ಹೋಮ್‌ಸ್ಟೇ ಅಥವಾ ಅನುವಾದದ ಜೊತೆ ಸೇರಿಸಿಕೊಂಡರೆ ವರ್ಷ ತೂಗುತ್ತದೆ.

ಬೋಧನೆ ನನಗೆ ಅತ್ಯಂತ ಇಷ್ಟದ ದಾರಿ. ಸಿಬಿಎಸ್‌ಇ ಭಾಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಷ್ ಇದೆ, ಅಂತಾರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲೂ ಇದೆ. ಶಾಲೆಗೆ ಬಿಎಡ್ ಜೊತೆಗಿದ್ದರೆ ಭದ್ರ. ಕಾಲೇಜಿಗೆ ಎಂಎ ಮತ್ತು ಯುಜಿಸಿ ನೆಟ್ ಬೇಕು, ನೆಟ್ ವಿಷಯಗಳಲ್ಲಿ ಸ್ಪ್ಯಾನಿಷ್ ಸೇರಿದೆ.

ಸಮಾಜಸೇವೆಯ ಕಡೆ ಮನಸ್ಸಿದ್ದರೆ ನಮ್ಮ ರಾಜ್ಯದ ಗಡಿಯಾಚೆ, ಆಂಧ್ರಪ್ರದೇಶದ ಅನಂತಪುರದ ಕಡೆ ನೋಡಿ. ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂತೆ ಫೆರರ್ 1969ರಲ್ಲಿ ಅಲ್ಲಿ ಶುರುಮಾಡಿದ ಗ್ರಾಮೀಣಾಭಿವೃದ್ಧಿ ಟ್ರಸ್ಟಿಗೆ ಸ್ಪೇನಿನ ದಾನಿಗಳೇ ದೊಡ್ಡ ಆಸರೆ. ಹಳ್ಳಿಯ ಯುವಜನರಿಗೆ ವಿದೇಶಿ ಭಾಷೆ ಕಲಿಸುವ ಶಾಲೆಯನ್ನೂ ಆ ಸಂಸ್ಥೆ ನಡೆಸುತ್ತದೆ. ಬರಗಾಲದ ಹಳ್ಳಿಗಳ ಮಕ್ಕಳು ಅಲ್ಲಿ ಸ್ಪ್ಯಾನಿಷ್ ಕಲಿತು ಬೆಳೆಯುತ್ತಿರುವಾಗ ನಮ್ಮ ಮಕ್ಕಳಿಗೆ ಇದು ಆಗದ ಮಾತಲ್ಲ.

ಸರ್ಕಾರಿ ಕೆಲಸದ ಬಗ್ಗೆ ನೇರವಾಗಿ ಹೇಳಬೇಕು. ವಿದೇಶಾಂಗ ಸಚಿವಾಲಯದಲ್ಲಿ ದುಭಾಷಿಗಳ ಸಣ್ಣ ವೃಂದವೊಂದಿದೆ, ಹುದ್ದೆ ಅಪರೂಪ. ಭಾರತೀಯ ವಿದೇಶಾಂಗ ಸೇವೆಗೆ ಯುಪಿಎಸ್‌ಸಿ ಮೂಲಕವೇ ಹೋಗಬೇಕು. ಅಲ್ಲಿನ ಐಚ್ಛಿಕ ವಿಷಯಗಳಲ್ಲಿ ಸ್ಪ್ಯಾನಿಷ್ ಇಲ್ಲ, ಆದರೆ ಸೇವೆಗೆ ಸೇರಿದ ಮೇಲೆ ಪ್ರತಿ ಅಧಿಕಾರಿಯೂ ಒಂದು ವಿದೇಶಿ ಭಾಷೆ ಕಲಿಯಲೇಬೇಕು, ಅವುಗಳಲ್ಲಿ ಸ್ಪ್ಯಾನಿಷ್ ಒಂದು. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಇಟ್ಟುಕೊಂಡು ಆ ಪರೀಕ್ಷೆಗೆ ಕೂರಬಹುದು. ಮುಂದೆ ಯುರೋಪಿನಲ್ಲಿ ಎಂಎ ಓದುವ ಆಸೆಯಿದ್ದರೆ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಕ್ಕೆ ಡಿಗ್ರಿಯ ಕೊನೆಯ ವರ್ಷದಲ್ಲೇ ಅರ್ಜಿ ಹಾಕಿ.

ಊರು ಬಿಡಲಾಗದವರಿಗೆ

ಮನೆಯ ಪರಿಸ್ಥಿತಿಯಿಂದ ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯ ಕಾಲೇಜಿನಲ್ಲೇ ಬಿಎ, ಬಿಕಾಂ, ಬಿಎಸ್ಸಿ ಓದಬೇಕಾದವರು ಇದರಿಂದ ಹೊರಗಲ್ಲ. ನಿಜ ಹೇಳಬೇಕೆಂದರೆ, ಅವರ ಜೊತೆವಿದ್ಯೆ ಆಗಲೇ ಕೈಯಲ್ಲಿದೆ, ಭಾಷೆ ಸೇರಿಸಿಕೊಳ್ಳಬೇಕಷ್ಟೇ. ಡಿಗ್ರಿಯ ಮೊದಲ ವರ್ಷ ಎ1, ಎರಡನೇ ವರ್ಷ ಎ2, ಮೂರನೇ ವರ್ಷ ಬಿ1 ಎಂದು ಗುರಿ ಇಟ್ಟುಕೊಳ್ಳಿ. ಡಿಗ್ರಿ ಮುಗಿದ ಮೇಲಿನ ಒಂದು ವರ್ಷವನ್ನು ಪೂರ್ತಿ ಬಿ2ಗೆ ಕೊಡಿ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗ ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದ ಭಾಷಾ ತರಗತಿಗಳು ಆ ಒಂದು ವರ್ಷಕ್ಕೆ ನೋಡಬೇಕಾದ ಜಾಗಗಳು.

ಮನೆಯಿಂದಲೇ ಶುರು ಮಾಡಲು ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿಯ ಸರ್ಟಿಫಿಕೇಟ್ ಕೋರ್ಸ್ ಇದೆ. ಖಾಸಗಿ ಆನ್‌ಲೈನ್ ತರಗತಿ ಸೇರುವುದಾದರೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಕಲಿಸುವವರ ಡೆಲೆ ಮಟ್ಟ ಯಾವುದು, ಒಂದು ತರಗತಿಯಲ್ಲಿ ಎಷ್ಟು ಜನ, ಪ್ರತಿ ವಿದ್ಯಾರ್ಥಿಗೆ ಬಾಯಿಬಿಟ್ಟು ಮಾತಾಡಲು ಎಷ್ಟು ನಿಮಿಷ ಸಿಗುತ್ತದೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ.

ಮಲೆನಾಡಿನ ಒಳಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಜೂನ್ ಬರುವ ಮೊದಲೇ ಆಡಿಯೊ ಪಾಠಗಳನ್ನು ಮೊಬೈಲಿಗೆ ಇಳಿಸಿಟ್ಟುಕೊಳ್ಳಿ, ಪಿಡಿಎಫ್ ಪಾಠಗಳನ್ನು ಪೇಟೆಯಲ್ಲಿ ಝೆರಾಕ್ಸ್ ತೆಗೆಸಿಡಿ. ಇಬ್ಬರು ಗೆಳತಿಯರೋ ಅಣ್ಣ-ತಂಗಿಯೋ ಜೊತೆಯಾಗಿ ಕಲಿತರೆ ಮಾತಿನ ಅಭ್ಯಾಸಕ್ಕೆ ನೆಟ್‌ವರ್ಕ್ ಬೇಕಾಗುವುದೇ ಇಲ್ಲ. ಇಗ್ನೋ ಪ್ರವೇಶ ಸಾಮಾನ್ಯವಾಗಿ ಜನವರಿ ಮತ್ತು ಜುಲೈ ಸರದಿಗಳಲ್ಲಿ ನಡೆಯುತ್ತದೆ. ಜುಲೈ ಸರದಿಗೆ ಸೇರುವವರು ಮಳೆ ಹಿಡಿಯುವ ಮೊದಲೇ ಫೋಟೊ, ಸಹಿ, ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿಸಿ ಒಂದೇ ಕಡೆ ಇಟ್ಟುಕೊಂಡಿರಿ.